ಸ್ಲೋ ಸ್ಪೀಡ್ ಜಾಸ್ತಿ

ಅಕ್ಟೋಬರ್ 20, ಭಾನುವಾರ

ಇವರು ಬಿದ್ದ ಸುದ್ದಿ ಮಸಿನಗುಡಿ ಪೇಟೆಯನ್ನೆಲ್ಲ ಸುತ್ತಿ ಇವತ್ತು ನನ್ನ ಹೊಲಿಗೆ ಅಂಗಡಿಗೇ ವಾಪಸು ಬಂತು. ಬರುವಷ್ಟರಲ್ಲಿ ಅದಕ್ಕೊಂದು ಆನೆ ಸೇರಿಕೊಂಡಿತ್ತು. ಬ್ಲೌಸಿಗೆ ಅಳತೆ ಕೊಡಲು ಬಂದ ಹೆಂಗಸು, “ಆನೆ ಅಟ್ಟಿಸ್ಕೊಂಡು ಬಂತಂತಲ್ಲಕ್ಕಾ” ಎಂದಳು. ಇಲ್ಲಮ್ಮ, ಆನೆ ಇಲ್ಲ, ಕರಡಿ ಇಲ್ಲ, ಎದುರಿಗೆ ಒಂದು ಲಾರಿ ಕೂಡ ಇಲ್ಲ. ಊಟಿಯ ತರಕಾರಿ ಮಂಡಿಗೆ ಕೆಲಸಕ್ಕೆ ಹೊರಟ ಮನುಷ್ಯ, ದಿನಾ ಹತ್ತುವ ಕಲ್ಲಟ್ಟಿ ಘಾಟಿನಲ್ಲಿ, ದಿನಾ ತಿರುಗುವ ಎಡ ತಿರುವಿನಲ್ಲಿ ಗಾಡಿ ಸಮೇತ ಚರಂಡಿಗೆ ಇಳಿದರು. ಬಲಗೈ ಮಣಿಕಟ್ಟು ಮುರಿಯಿತು. ಆನೆ ಇದ್ದಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.

ನಮ್ಮ ಅತ್ತೆ ಸಿದ್ದಾಜಮ್ಮನವರ ತೀರ್ಪು ಬೇರೆ. ಆಯುಧಪೂಜೆಯ ದಿನ ಅವರು ಗಾಡಿಯ ಹ್ಯಾಂಡಲ್ಲಿಗೆ ಮಾದಪ್ಪನ ಬೆಟ್ಟದಿಂದ ತರಿಸಿದ ಕರಿ ದಾರ ಕಟ್ಟಿದ್ದರು. “ಆ ದಾರ ಇದ್ದುದ್ಕೆ ಕೈಗೋಯ್ತು ಕನವ್ವ. ಇಲ್ದಿದ್ರೆ ತಲೆಗೋಗದು” ಎನ್ನುತ್ತಾರೆ. ಬಂದವರಿಗೆಲ್ಲ ದಾರದ ದರ್ಶನ ಮಾಡಿಸುತ್ತಿದ್ದಾರೆ. ಬೀಳದಂತೆಯೇ ಕಾಪಾಡಬಹುದಿತ್ತಲ್ಲ ಎಂದು ನಾನು ಕೇಳಲಿಲ್ಲ. ಅತ್ತೆಗೆ ನಾನು ಮನಸ್ಸಿನಲ್ಲೇ ಇಟ್ಟಿರುವ ಹೆಸರು ಸುಪ್ರೀಂ ಕೋರ್ಟು. ಅಲ್ಲಿಂದ ಮುಂದಕ್ಕೆ ಅಪೀಲು ಇಲ್ಲ.

ಗಾಡಿ ಜಗಲಿಯ ಪಕ್ಕ ವಾಲಿಕೊಂಡು ನಿಂತಿದೆ. ಕನ್ನಡಿಯೊಂದು ಒಡೆದದ್ದು ಬಿಟ್ಟರೆ ಅದಕ್ಕೇನೂ ಆಗಿಲ್ಲ. ತೊಂಬತ್ತೆಂಟನೇ ಇಸವಿಯ ಬೈಕು, ನಮ್ಮ ಮದುವೆಗಿಂತ ಹಳೆಯದು. ಸವತಿಯಾದರೂ ನನಗಿಂತ ಸೀನಿಯರ್.

ಅಕ್ಟೋಬರ್ 23, ಬುಧವಾರ

ಇವರು ಮಾತು ಕಡಿಮೆ ಮಾಡಿದ್ದಾರೆ. ಮೊದಲೂ ಜಾಸ್ತಿ ಇರಲಿಲ್ಲ, ಈಗ ಉಳಿತಾಯ ಖಾತೆಯೇ ತೆರೆದಂತಿದೆ. ಮಧ್ಯಾಹ್ನ ಎಡಗೈಯಲ್ಲಿ ಚಮಚ ಹಿಡಿದು ಉಣ್ಣುತ್ತಿದ್ದವರು ಇದ್ದಕ್ಕಿದ್ದ ಹಾಗೆ ಬಾಯಿ ಬಿಟ್ಟರು.

“ರೂಪಾ, ನಾನು ಆಕ್ಸಿಲೇಟರ್ ತಿರುವ್ಲಿಲ್ಲ. ಗಾಡಿ ನುಗ್ತು. ಅಂದ್ರೆ ನನ್ನ ಕೈ ನಂಗೇ ಗೊತ್ತಿಲ್ದಂಗೆ ತಿರುವಿರ್ಬೇಕು.”

“ನಿಮ್ಮ ಕೈ ನಿಮಗೆ ಗೊತ್ತಿಲ್ದಂಗೆ ಹೋಗೋದು ಹಪ್ಪಳದ ಡಬ್ಬಕ್ಕೆ ಮಾತ್ರ” ಎಂದೆ.

ನಗಲಿಲ್ಲ. “ಅಪ್ಪನಿಗೂ ಇದೇ ವಯಸ್ಸು” ಎಂದರು.

ಮಾವನವರಿಗೆ ಐವತ್ತರ ಹತ್ತಿರ ಕೈನಡುಕ ಶುರುವಾಗಿತ್ತು. ಮೊದಲು ಲೋಟ ತುಳುಕಿತು. ಆಮೇಲೆ ಅಂಗಿಯ ಗುಂಡಿ ಹಾಕಲು ಆಗಲಿಲ್ಲ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಅವರ ಅಂಗಿಗಳ ಗುಂಡಿಗಳನ್ನೆಲ್ಲ ಕಿತ್ತು ಹುಕ್ಕು ಹೊಲಿದು ಕೊಟ್ಟೆ. ಕೊನೆಗೆ ಹುಕ್ಕೂ ಆಗಲಿಲ್ಲ, ಅತ್ತೆಯೇ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಅದು ತನಗೂ ಬಂತೆಂದು ಇವರು ತೀರ್ಮಾನ ಮಾಡಿಬಿಟ್ಟಿದ್ದಾರೆ. ಡಾಕ್ಟರನ್ನು ಕೇಳೋಣ ಎಂದರೆ ಬೇಡವಂತೆ. ಹೌದು ಎಂದುಬಿಟ್ಟರೆ ಎಂಬ ಭಯ.

ಗಾಡಿ ಮಾರುತ್ತಾರಂತೆ. ಕೂನೂರಿನ ವಸಂತಕುಮಾರ್ ಎಂಬುವವನಿಗೆ ಹಳೆಯ ಗಾಡಿಗಳ ಹುಚ್ಚಂತೆ, ಭಾನುವಾರ ಬರುತ್ತಾನಂತೆ. ಸವತಿ ತೊಲಗುತ್ತಾಳೆ ಎಂದು ನಾನು ಕುಣಿಯಬೇಕಿತ್ತು.

ಅಕ್ಟೋಬರ್ 27, ಭಾನುವಾರ

ವಸಂತಕುಮಾರ್ ಬಂದ. ಗಾಡಿಯ ಸುತ್ತ ಹೆಣ್ಣು ನೋಡಲು ಬಂದವನ ಹಾಗೆ ಒಂದು ಸುತ್ತು ಹಾಕಿ, ನಿಂತಲ್ಲೇ ಕಿಕ್ ಹೊಡೆದ. ಅಯ್ಯೋ, ಅದು ಕಿರುಚಿದ ಕಿರುಚಾಟ! ಎದುರು ಮನೆಯ ಕೋಳಿಗಳೆಲ್ಲ ಬೇಲಿ ಹಾರಿದವು. ಆಕ್ಸಿಲೇಟರನ್ನು ಯಾರೂ ಮುಟ್ಟಿರಲಿಲ್ಲ.

“ಅಕ್ಕಾ, ಇದಕ್ಕೆ ಸ್ಲೋ ಸ್ಪೀಡ್ ಜಾಸ್ತಿ ಇದೆ” ಎಂದ.

ಗಾಡಿ ಸುಮ್ಮನೆ ನಿಂತಾಗ ಇಂಜಿನ್ ಓಡುವ ವೇಗಕ್ಕೆ ಸ್ಲೋ ಸ್ಪೀಡ್ ಎನ್ನುತ್ತಾರಂತೆ. ನಿಧಾನ ಜಾಸ್ತಿಯಾಗುವುದು ನಮ್ಮ ಮನೆಯಲ್ಲಿ ಹೊಸದಲ್ಲ, ಇಪ್ಪತ್ತು ವರ್ಷದಿಂದ ಅದರ ಜೊತೆಯೇ ಸಂಸಾರ ಮಾಡುತ್ತಿದ್ದೇನೆ. ಆದರೆ ಇಲ್ಲಿ ಅದರ ಅರ್ಥ ಉಲ್ಟಾ. ಸುಮ್ಮನಿರಬೇಕಾದಾಗ ಕೂಗಾಡುವ ಕಾಯಿಲೆ. ಅದನ್ನು ಸರಿ ಮಾಡಿಸಿಡಿ, ಆಮೇಲೆ ಬರುತ್ತೇನೆ ಎಂದು ಹೇಳಿ ಹೋದ.

“ಬಿದ್ದ ಏಟಿಗೆ ಕೆಟ್ಟಿರ್ಬೇಕು” ಎಂದರು ಇವರು. “ಚಂದ್ರನ್ ಹತ್ರ ತೋರ್ಸು.” ತೋರಿಸು ಅಂತೆ! ಇವರು ಗಾಡಿ ಬೀಳಿಸುವುದು, ನಾನು ಆಸ್ಪತ್ರೆಗೆ ಸೇರಿಸುವುದು.

ಅಕ್ಟೋಬರ್ 30, ಬುಧವಾರ

ದೀಪಾವಳಿಗೆ ಹೊಲಿದು ಕೊಡಬೇಕಾದ ಬ್ಲೌಸುಗಳು ರಾಶಿ ಬಿದ್ದಿವೆ, ನಾನು ಗಾಡಿ ತಳ್ಳಿಕೊಂಡು ಪೇಟೆಯಲ್ಲಿ ಮೆರವಣಿಗೆ ಹೊರಟೆ. ಚಂದ್ರನ್ ಗೂಡಲೂರು ಕಡೆಯ ಮಲಯಾಳಿ. ಮಾತಿಗೆ ನಿಂತರೆ ಮೂರು ಭಾಷೆಯ ಸಾಂಬಾರು. ಗಾಡಿಯನ್ನು ಎರಡು ಕಾಲಿನ ಸ್ಟ್ಯಾಂಡಿಗೆ ನೆಟ್ಟಗೆ ಎತ್ತಿ ನಿಲ್ಲಿಸಿ, ಹ್ಯಾಂಡಲ್ಲಿನ ದಾರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕಿಕ್ ಹೊಡೆದ.

ಗಾಡಿ ಕೆಮ್ಮಲೂ ಇಲ್ಲ. ಗುಡುಗುಡು ಎಂದು ತಣ್ಣಗೆ ಓಡಿತು, ಅಮ್ಮನ ಹತ್ತಿರ ರಂಪ ಮಾಡಿ ಮೇಷ್ಟರ ಮುಂದೆ ಕೈಕಟ್ಟಿ ಕೂರುವ ಮಗುವಿನ ಹಾಗೆ.

“ಒನ್ನುಂ ಇಲ್ಲ ಚೇಚಿ, ಏನೂ ಇಲ್ಲಕ್ಕಾ. ಸ್ವಲ್ಪ ಜಾಸ್ತಿ ಇತ್ತು, ಇಳಿಸಿದ್ದೇನೆ” ಎಂದು ಒಂದು ಸ್ಕ್ರೂ ತಿರುಗಿಸಿದ. ನನ್ನ ಸಮಾಧಾನಕ್ಕೆ ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದೂ ಕೊಟ್ಟ.

ಮನೆಗೆ ತಳ್ಳಿಕೊಂಡು ಬಂದು, ಜಗಲಿ ಪಕ್ಕ ವಾಲಿಸಿ ನಿಲ್ಲಿಸಿ, ಇವರಿಗೆ ಕೇಳಿಸಲೆಂದು ಕಿಕ್ ಹೊಡೆದೆ. ಕೋಳಿಗಳು ಮತ್ತೆ ಬೇಲಿ ಹಾರಿದವು.

ನವೆಂಬರ್ 5, ಮಂಗಳವಾರ

ಎರಡನೇ ಸಲ ಚಂದ್ರನ್ ಹತ್ತಿರ. ಕಾರ್ಬೊರೇಟರಿಗೂ ಇಂಜಿನ್ನಿಗೂ ನಡುವೆ ಒಂದು ರಬ್ಬರ್ ಪೈಪು ಇದೆ. ಅದು ಬಿರುಕು ಬಿಟ್ಟರೆ ಕಳ್ಳಗಾಳಿ ಒಳಗೆ ಹೋಗಿ ಇಂಜಿನ್ ಏರುತ್ತದಂತೆ. ಹಳೆಯದು ತೆಗೆದು ಹೊಸದು ಹಾಕಿದ. ಚೋಕ್ ಪೂರ್ತಿ ಮುಚ್ಚಿಕೊಳ್ಳುತ್ತಿದೆಯಾ ಎಂದು ನೋಡಿದ, ಮುಚ್ಚಿಕೊಳ್ಳುತ್ತಿತ್ತು. ಅಲ್ಲಿ ಬಂಗಾರ. ಮನೆಗೆ ಬಂದರೆ ಮತ್ತೆ ರಂಪ.

“ಗಾಡಿಗೆ ಕಣ್ ಬಿತ್ತು” ಎಂದಿತು ಸುಪ್ರೀಂ ಕೋರ್ಟು. “ಬಂದೋರೆಲ್ಲ ನೋಡ್ತರೆ.”

ನೋಡಿ ಎಂದು ಕರೆದು ತೋರಿಸುವವರು ಯಾರು ಎಂದು ಕೇಳಲು ಬಾಯಿ ತುರಿಸಿತು. ಅಷ್ಟರಲ್ಲಿ ಇವರು ಒಳಗೆ ಎಡಗೈಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೆರಳುಗಳನ್ನೇ ದಿಟ್ಟಿಸುತ್ತ ನಿಂತಿದ್ದುದು ಕಾಣಿಸಿತು. ನನ್ನ ನೋಡಿ ಕೈ ಕೆಳಗಿಳಿಸಿದರು. ನಾನು ಬಾಯಿ ಮುಚ್ಚಿಕೊಂಡು ಒಗ್ಗರಣೆಗೆ ಹೋದೆ.

ನವೆಂಬರ್ 10, ಭಾನುವಾರ

ಮೊಣಕಾಲಿಗೆ ಅರಿಶಿನ ಹಚ್ಚಿಕೊಂಡು ಬರೆಯುತ್ತಿದ್ದೇನೆ.

ಮೂರನೇ ಸಲ ಚಂದ್ರನ್ ಹತ್ತಿರ ಹೋಗಿದ್ದೆ. ಏನೂ ಸಿಗಲಿಲ್ಲ. ಬರುವಾಗ ತಳ್ಳಿ ತಳ್ಳಿ ಸಾಕಾಗಿತ್ತು. ಸ್ಕೂಟರ್ ಓಡಿಸುವವಳಿಗೆ ಇದೇನು ಮಹಾ ಎಂದು ಹತ್ತಿ ಕೂತೆ. ಫಸ್ಟ್ ಗೇರಿನಲ್ಲಿ ಪೇಟೆಯುದ್ದಕ್ಕೂ ಮದುಮಗಳ ಹಾಗೆ ಬಂದೆ. ಮನೆಯ ಸಂದಿಗೆ ಎಡಕ್ಕೆ ತಿರುಗಿಸಿದೆ ನೋಡಿ, ಗಾಡಿ ಹೂಂಕರಿಸಿ ಮುಂದಕ್ಕೆ ನೆಗೆಯಿತು. ಕಣ್ಣು ಬಿಟ್ಟು ನೋಡಿದರೆ ನಾನು ಅತ್ತೆಯ ಅವರೆ ಚಪ್ಪರದ ಒಳಗಿದ್ದೆ, ಗಾಡಿ ನನ್ನ ಮೇಲೆ ಮಲಗಿತ್ತು.

ಅತ್ತೆ ಓಡಿ ಬಂದವರು ಮೊದಲು ನನ್ನನ್ನೇ ಎಳೆದರು. ಅವರೆ ಬಳ್ಳಿಯ ಕಡೆ ತಿರುಗಿಯೂ ನೋಡಲಿಲ್ಲ. ಇದು ದಾಖಲಾಗಬೇಕಾದ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ.

ಇವರು ಬಾಗಿಲಲ್ಲಿ ನಿಂತು, “ಆಕ್ಸಿಲೇಟರ್ ಯಾಕೆ ತಿರುವ್ದೆ?” ಎಂದು ಕೂಗಿದರು.

“ನಾನು ತಿರುವ್ಲಿಲ್ಲ ಕಣ್ರೀ! ಅದೇ ನುಗ್ತು!” ಎಂದು ನಾನೂ ಕೂಗಿದೆ.

ಕೂಗಿದ ಮೇಲೆ ಹೊಳೆಯಿತು. ಈ ಮಾತನ್ನು ನಾನು ಕೇಳಿದ್ದೆ. ಇವರ ಬಾಯಿಂದಲೇ ಕೇಳಿದ್ದೆ. ನಮ್ಮ ಅಪ್ಪನ ಮನೆ ಕಡೆ ಯಾರಿಗೂ ಕೈನಡುಕ ಇಲ್ಲ.

ನವೆಂಬರ್ 11, ಸೋಮವಾರ

ಸಿಕ್ಕಿತು.

ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಗಾಡಿಯ ಮುಂದೆ ನಿಂತು ಯೋಚಿಸಿದೆ. ಎರಡು ಬೀಳುವಿಕೆಯೂ ಎಡ ತಿರುವಿನಲ್ಲಿ. ಚಂದ್ರನ್ ಗಾಡಿಯನ್ನು ನೆಟ್ಟಗೆ ನಿಲ್ಲಿಸುತ್ತಾನೆ, ಹ್ಯಾಂಡಲ್ ನೇರ ಇರುತ್ತದೆ. ನಮ್ಮ ಮನೆಯಲ್ಲಿ ವಾಲಿಸಿ ನಿಲ್ಲಿಸುತ್ತೇವೆ, ಹ್ಯಾಂಡಲ್ ತಾನಾಗಿ ಎಡಕ್ಕೆ ಬೀಳುತ್ತದೆ. ಸ್ಟಾರ್ಟ್ ಮಾಡಿದೆ, ಕಿರುಚಿತು. ಹ್ಯಾಂಡಲ್ ಮೆಲ್ಲಗೆ ನೇರಕ್ಕೆ ತಂದೆ, ಸುಮ್ಮನಾಯಿತು. ಎಡಕ್ಕೆ ತಿರುಗಿಸಿದೆ, ಕಿರುಚಿತು.

ಕಂಕುಳಲ್ಲಿ ಸಡಿಲ ಬಿಡದೆ ಬ್ಲೌಸು ಹೊಲಿದರೆ ಹೀಗೇ. ಕೈ ಇಳಿಬಿಟ್ಟು ಕನ್ನಡಿ ಮುಂದೆ ನಿಂತಾಗ ಅಚ್ಚುಕಟ್ಟು. ಕೈ ಎತ್ತಿದ ಕೂಡಲೇ ಇಡೀ ಬ್ಲೌಸು ಮೇಲಕ್ಕೆ ಬರುತ್ತದೆ. ಇಲ್ಲೂ ಏನೋ ಒಂದು ಸಡಿಲ ಸಾಲದೆ ಎಳೆಯುತ್ತಿದೆ ಎಂದು ಆಕ್ಸಿಲೇಟರ್ ಕೇಬಲ್ಲಿನುದ್ದಕ್ಕೂ ಬೆರಳಾಡಿಸುತ್ತ ಹೋದೆ. ಬಲಗಡೆ ಹಿಡಿಯಿಂದ ಬಂದ ಕೇಬಲ್ಲು ಹ್ಯಾಂಡಲ್ಲಿನ ನಡುವೆ ಮಾದಪ್ಪನ ದಾರದೊಳಗೆ ನುಗ್ಗಿತ್ತು. ಅತ್ತೆ ಭಕ್ತಿಯಿಂದ ಕಟ್ಟಿದ್ದಾರೆ. ಹ್ಯಾಂಡಲ್ಲಿಗೂ ಕೇಬಲ್ಲಿಗೂ ಸೇರಿಸಿ, ಕೇಬಲ್ಲಿನಲ್ಲಿದ್ದ ಸಡಿಲವನ್ನೆಲ್ಲ ಮೇಲಕ್ಕೆಳೆದು, ಉಸಿರಾಡಲು ಜಾಗವಿಲ್ಲದಂತೆ ಬಿಗಿದಿದ್ದಾರೆ. ಹ್ಯಾಂಡಲ್ ಎಡಕ್ಕೆ ಹೋದರೆ ಕೇಬಲ್ಲು ಸಾಲುವುದಿಲ್ಲ. ಆಕ್ಸಿಲೇಟರನ್ನು ಯಾರೋ ತಿರುವಿದಂತೆಯೇ ಆಗುತ್ತದೆ. ಚಂದ್ರನ್ ದಾರವನ್ನು ಕಣ್ಣಿಗೊತ್ತಿಕೊಂಡನೇ ಹೊರತು ಅದರೊಳಗೆ ಏನಿದೆ ಎಂದು ನೋಡಲಿಲ್ಲ. ದೇವರ ದಾರಕ್ಕೆ ಯಾರು ಕೈ ಹಾಕುತ್ತಾರೆ?

ನಾನು ಹಾಕಿದೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಗಂಟುಗಳನ್ನು ಒಂದೊಂದಾಗಿ ಬಿಡಿಸಿ, ಇವರನ್ನು ಕರೆದು, ಸ್ಟಾರ್ಟ್ ಮಾಡಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಗಾಡಿ ತಣ್ಣಗೆ ಗುಡುಗುಡು ಎನ್ನುತ್ತಲೇ ಇತ್ತು. ಕೇಬಲ್ಲನ್ನು ಬೆರಳಲ್ಲಿ ಮೇಲಕ್ಕೆಳೆದು ಹಿಡಿದು ಮತ್ತೆ ತಿರುಗಿಸಿದೆ. ಕಿರುಚಿತು.

“ಇನ್ನೊಂದ್ಸಲ” ಎಂದರು. ಮಾಡಿದೆ. “ಇನ್ನೊಂದ್ಸಲ.” ಮಾಡಿದೆ. ಆಮೇಲೆ ಜಗಲಿಯ ಮೇಲೆ ಕೂತು ಮುಖ ಆಚೆ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು. ನಾನು ಹೊಸದಾಗಿ ಮದುವೆಯಾದವಳ ಹಾಗೆ ಪಕ್ಕದಲ್ಲಿ ಕೂತೆ. ಬೀದಿಯವರು ನೋಡಿದರೆ ನೋಡಲಿ.

“ಅವ್ವಂಗೆ ಹೇಳ್ಬ್ಯಾಡ” ಎಂದರು ಕೊನೆಗೆ.

ಇಷ್ಟು ವರ್ಷದಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪೂ ತಿರುಗಿಬಿದ್ದಿಲ್ಲ. ಮೊದಲ ಸಲ ಪುರಾವೆ ಸಮೇತ ಗೆದ್ದಿದ್ದೇನೆ, ಗೆದ್ದೆ ಎಂದು ಹೇಳುವ ಹಾಗಿಲ್ಲ! ಆದರೂ ತಲೆಯಾಡಿಸಿದೆ. ಮಗನನ್ನು ಉಳಿಸಿತೆಂದು ಊರಿಗೆಲ್ಲ ತೋರಿಸಿದ ದಾರವೇ ಮಗನನ್ನು ಬೀಳಿಸಿತು ಎಂದು ಆ ಮುದುಕಿಗೆ ಹೇಗೆ ಹೇಳುವುದು? ದಾರವನ್ನು ಉಳಿದಿದ್ದ ಕನ್ನಡಿಯ ಕಡ್ಡಿಗೆ ಸಡಿಲವಾಗಿ ಕಟ್ಟಿದೆ.

ನವೆಂಬರ್ 13, ಬುಧವಾರ

ಇವರೇ ವಸಂತಕುಮಾರ್‌ಗೆ ಫೋನು ಮಾಡಿ ಮಾರುವುದಿಲ್ಲ ಎಂದರು. ಸಂಜೆ ಹಪ್ಪಳದ ಡಬ್ಬ ಖಾಲಿ.

ನವೆಂಬರ್ 17, ಭಾನುವಾರ

ಸಿಕ್ಕಿಬಿದ್ದೆ. ಅತ್ತೆ ದಾರಕ್ಕೆ ಕುಂಕುಮ ಇಡಲು ಹೋದವರು ಅಲ್ಲಿಂದಲೇ ಕರೆದರು.

“ರೂಪ, ಈ ಗಂಟು ನಂದಲ್ಲ.”

“ನಿಮ್ಮದೇ ಅತ್ತೆ.”

“ನಂದು ಇಂಗಿರಲ್ಲ. ಯಾರು ಬಿಚ್ಚುದ್ದು?”

“ನಾನು ಬಿದ್ನಲ್ಲ ಅತ್ತೆ, ಆಗ ಸಡಿಲ ಆಗಿರ್ಬೇಕು.”

“ಸಡಿಲ ಆದ ದಾರ ನಡ್ಕೊಂಡೋಗಿ ಕನ್ನಡಿಗೆ ಕಟ್ಕತದಾ?”

ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಕುಂಕುಮದ ಬಟ್ಟಲು ಹಿಡಿದು ಒಳಗೆ ಹೋದರು. ರಾತ್ರಿ ಮುದ್ದೆ ಮುರಿದು ಹಾಗೇ ಬಿಟ್ಟು ಎದ್ದರು.

ನವೆಂಬರ್ 20, ಬುಧವಾರ

ಮೂರು ದಿನದಿಂದ ಅತ್ತೆ ನನ್ನ ಅಡುಗೆಯಲ್ಲಿ ಒಂದು ತಪ್ಪೂ ಹುಡುಕಿಲ್ಲ. ಇಂಥ ನೆಮ್ಮದಿ ಬೇಕೆಂದು ಎಷ್ಟು ಸಲ ಬೇಡಿಕೊಂಡಿದ್ದೆನೋ! ಈಗ ಸಿಕ್ಕಿದೆ, ಗಂಟಲಲ್ಲಿ ಇಳಿಯುತ್ತಿಲ್ಲ. ಇವತ್ತು ಸಾರಿಗೆ ಬೇಕೆಂತಲೇ ಉಪ್ಪು ಕಮ್ಮಿ ಹಾಕಿದೆ. ಅದಕ್ಕೂ ಏನೂ ಅನ್ನಲಿಲ್ಲ.

ನವೆಂಬರ್ 22, ಶುಕ್ರವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ಇವರು ಆಚೆ ಹೋಗಿದ್ದರು. ಅತ್ತೆ ಅವರೆಕಾಯಿ ಸುಲಿಯುತ್ತಿದ್ದರು, ನಾನೂ ಎದುರಿಗೆ ಕೂತೆ.

“ನಿಂಗೆ ಆ ದಾರ ಕಂಡ್ರೆ ತಮಾಸೆ. ಗೊತ್ತು ಕನವ್ವ ನಂಗೆ” ಎಂದರು, ತಲೆ ಎತ್ತದೆ. “ಯಾಕ್ ಕಟ್ಟುದ್ದು ಅಂತ ಒಂದ್ ದಿನಾನೂ ಕೇಳ್ನಿಲ್ಲ ನೀನು.”

“ಯಾಕತ್ತೆ?”

“ಗೌರಿ ಹಬ್ಬದ್ದಿನ ಸಂಜೆ ನನ್ ಮಗ ಕಾಫಿ ಕುಡೀತಿದ್ನಲ್ಲ, ಲೋಟ ತುಳುಕ್ತು. ಕೈ ನಡುಗ್ತಿತ್ತು. ನಾ ಕಣ್ಣಾರೆ ನೋಡ್ದೆ. ಅವ್ರಪ್ಪಂಗೂ ಅಂಗೇ ಕನವ್ವ ಸುರುವಾದ್ದು. ಯಾರ್ಗೂ ಏಳ್ನಿಲ್ಲ. ಬೆಟ್ಟಕ್ಕೋಗೋರ ಕೈಲಿ ದಾರ ತರಿಸ್ದೆ. ಕಟ್ಟಿ ನಾಕ್ ದಿನುಕ್ಕೇ ಬಿದ್ದ. ಇನ್ನು ಅದೂ ಬಿಚ್ಚೋಯ್ತು. ಒಂದ್ಸತಿ ಗಂಡಂಗೆ ತುತ್ತು ಕೊಟ್ಟು ಸಾಗಾಕ್ಬುಟ್ಟೆ. ಇನ್ನೊಂದ್ಸತಿ ನನ್ ಕೈಲಾಗಲ್ಲ ರೂಪ.”

ನಾನು ಎರಡೂ ಕೈ ಒರೆಸಿಕೊಂಡು, ಅವರ ತೋಳು ಹಿಡಿದು ಎಬ್ಬಿಸಿ ಗಾಡಿಯ ಹತ್ತಿರ ಕರೆದುಕೊಂಡು ಹೋದೆ. ಕನ್ನಡಿಯ ಕಡ್ಡಿಯಿಂದ ದಾರ ಬಿಚ್ಚಿ ಕೈಗೆ ಕೊಟ್ಟೆ. “ಹಬ್ಬದ ದಿನ ಹೆಂಗೆ ಕಟ್ಟಿದ್ರೋ ಹಂಗೇ ಕಟ್ಟಿ ಅತ್ತೆ.” ಅನುಮಾನದಿಂದ ನೋಡಿದರು, ಕಟ್ಟಿದರು. ಅದೇ ಬಿಗಿ, ಅದೇ ಗಂಟು, ಕೇಬಲ್ಲನ್ನೂ ಒಳಗೆ ಸೇರಿಸಿ. ಸ್ಟಾರ್ಟ್ ಮಾಡಿ, ಅವರ ಕೈಯನ್ನೇ ಹ್ಯಾಂಡಲ್ಲಿನ ಮೇಲಿಟ್ಟು ಎಡಕ್ಕೆ ತಿರುಗಿಸಿದೆ. ಗಾಡಿ ಕಿರುಚಿತು. ಅತ್ತೆ ಬೆಚ್ಚಿ ಕೈ ತೆಗೆದರು. ದಾರ ಬಿಚ್ಚಿದೆ. ಮತ್ತೆ ಅವರ ಕೈಯಲ್ಲೇ ತಿರುಗಿಸಿದೆ. ಸುಮ್ಮನಿತ್ತು.

“ಅವರ ಕೈ ತಿರುವಿದ್ದಲ್ಲ ಅತ್ತೆ. ದಾರ ಎಳೀತು. ನನ್ನನ್ನ ಬೀಳಿಸಿದ್ದೂ ಅದೇ.”

“ಅಂಗಾರೆ ಲೋಟ?”

“ಆವತ್ತು ಸಂಜೆ ಮಳೇಲಿ ಘಾಟಿ ಇಳ್ಕೊಂಡು ಬಂದಿದ್ರು. ಕೈ ಮರಗಟ್ಟಿತ್ತು. ಊಟಿಯಿಂದ ಆ ಮಳೇಲಿ ಬಂದ್ರೆ ಯಾರ ಕೈ ನಡುಗಲ್ಲ? ಬಂದೋರಿಗೆ ಬಟ್ಟೆ ಬದಲಾಯಿಸೋಕೂ ಬಿಡದೆ ಲೋಟ ಕೊಟ್ಟೋಳು ನಾನು.”

ಅತ್ತೆ ಗಾಡಿಯನ್ನು ನೋಡಿದರು, ಕೈಯಲ್ಲಿದ್ದ ದಾರ ನೋಡಿದರು. ನಾನು ಇಷ್ಟು ದಿನ ಹೆದರಿದ್ದ ಗಳಿಗೆ ಇದೇ. ಆದರೆ ಅವರ ಮುಖ ಬಾಡಲಿಲ್ಲ. ಅರಳಿತು.

“ನಾನಾ? ನಾನೇ ಬೀಳ್ಸುದ್ದಾ?” ಎಂದರು. “ನಿಜ ಏಳು, ನನ್ ತಪ್ಪೇಯಾ?”

“ಹೂಂ ಅತ್ತೆ.”

“ಅಯ್ಯೋ ನನ್ನಪ್ಪ ಮಾದಪ್ಪ, ನಂದೇ ತಪ್ಪಾಗ್ಲಿ! ನನ್ ಕೈದೇ ತಪ್ಪಾಗ್ಲಿ, ನನ್ ಮಗನ ಕೈದಲ್ಲ!” ಎಂದು ದಾರವನ್ನು ಕಣ್ಣಿಗೊತ್ತಿಕೊಂಡು, ಬೀದಿಯಲ್ಲಿ ನಿಂತು ನಕ್ಕರು, ನಗುತ್ತ ನಗುತ್ತಲೇ ಅತ್ತರು. ತಪ್ಪು ತನ್ನದೆಂದು ಗೊತ್ತಾಗಿ ಇಷ್ಟು ಸಂತೋಷಪಟ್ಟವರನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ನನಗೂ ಅಳು ಬಂತು.

ಇವರು ಬಂದು, ಇಬ್ಬರು ಹೆಂಗಸರು ಗಾಡಿ ಹಿಡಿದುಕೊಂಡು ಅಳುವುದನ್ನು ನೋಡಿ, ಪೆಟ್ರೋಲ್ ಖಾಲಿಯಾಯಿತೇ ಎಂದು ಕೇಳಿದರು.

ಕೋರ್ಟು ತಕ್ಷಣ ಕಲಾಪಕ್ಕೆ ಮರಳಿತು. “ಟೈಲರಮ್ಮನ ಗಂಡ ಮಳೇಲಿ ಬರಿಗೈಲಿ ಬತ್ತಾನೆ. ಊರೋರ್ಗೆಲ್ಲ ಹೊಲೀತಾಳೆ, ಕಟ್ಕೊಂಡೋನ ಕೈಗೊಂದು ಚೀಲ ಇಲ್ಲ.” ಜೊತೆಗೆ, ಬುಧವಾರದ ಸಾರಿಗೆ ಉಪ್ಪಿರಲಿಲ್ಲವಂತೆ. ಅವ್ವ ಎಲ್ಲವನ್ನೂ ನೆನಪಿಟ್ಟುಕೊಂಡಿದ್ದರು. ಸಂಜೆ ಹಳೆಯ ಜರ್ಕಿನ್ ಒಂದನ್ನು ಬಿಚ್ಚಿ, ಒಳಗೆ ಉಣ್ಣೆ ಬಟ್ಟೆ ಇಟ್ಟು ಕೈಗವಸು ಕತ್ತರಿಸಲು ಕೂತೆ. ಬೆರಳುಗಳ ಸಂದಿಯಲ್ಲಿ ಸಡಿಲ ಬಿಟ್ಟಿದ್ದೇನೆ.

ನವೆಂಬರ್ 29, ಶುಕ್ರವಾರ

ಪ್ಲಾಸ್ಟರ್ ಬಿಚ್ಚಿದರು. ಇವರೇ ಎರಡೂ ಕೈ ಮುಂದೆ ಚಾಚಿ, “ನಡುಗುತ್ತಾ ನೋಡಿ ಡಾಕ್ಟ್ರೇ” ಎಂದು ಕೇಳಿದರು. ನಾನು ಹೇಳಿಕೊಟ್ಟಿರಲಿಲ್ಲ. ಡಾಕ್ಟರು ಕೈ ಹಿಡಿಸಿ, ಬಿಡಿಸಿ, ಮೂಗಿನ ತುದಿ ಮುಟ್ಟಿಸಿ ನೋಡಿದರು. ನಡುಕ ಏನೂ ಇಲ್ಲ, ಮಣಿಕಟ್ಟಿಗೆ ಇನ್ನೆರಡು ವಾರ ಗಾಡಿ ಬೇಡ ಎಂದರು. ಬಸ್ಸಿನಲ್ಲಿ ಬರುತ್ತ ಕಲ್ಲಟ್ಟಿಯ ಆ ತಿರುವು ಬಂದಾಗ ಕಿಟಕಿಯಿಂದ ಚರಂಡಿ ತೋರಿಸಿದರು. ಬಹಳ ಸಣ್ಣ ಚರಂಡಿ.

ಡಿಸೆಂಬರ್ 16, ಸೋಮವಾರ

ಬೆಳಿಗ್ಗೆ ಇವರು ಕೆಲಸಕ್ಕೆ ಹೊರಟರು. ಮೇಲೆ ಊಟಿಯಲ್ಲಿ ಹುಲ್ಲೆಲ್ಲ ಬೆಳ್ಳಗಾಗುವಷ್ಟು ಮಂಜು ಬೀಳುತ್ತಿದೆಯಂತೆ. ನಮ್ಮ ಗಾಡಿ ಒಂದೇ ಕಿಕ್ಕಿಗೆ ಎದ್ದಿತು. ಹೊರಡುವ ಮೊದಲು ನಾನೇ ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿ ಕೇಳಿ ಕೊಟ್ಟೆ.

ಅವ್ವನೂ ನಾನೂ ಬಾಗಿಲಲ್ಲಿ ನಿಂತೆವು. ಬೀದಿಯ ಕೊನೆಯಲ್ಲಿ ಒಂದು ಎಡ ತಿರುವಿದೆ. ಅಲ್ಲಿಂದ ಮುಂದೆ ಇವರು ಕಾಣುವುದಿಲ್ಲ, ಕಿವಿಯೊಂದೇ ಗತಿ. ಗಾಡಿ ತಿರುಗಿತು. ಅದರ ದನಿ ಏರಲಿಲ್ಲ. ಅದೇ ಗುಡುಗುಡು, ಅದೇ ಸಮ, ಸಣ್ಣದಾಗುತ್ತ ಆಗುತ್ತ ಘಾಟಿಯ ಕಡೆಗೆ ಹೋಯಿತು. ಕೇಳಿಸದಂತಾದ ಮೇಲೂ ನಿಂತೇ ಇದ್ದೆವು. ಅವ್ವ ಯಾವಾಗಲೋ ನನ್ನ ಕೈ ಹಿಡಿದುಕೊಂಡಿದ್ದರು. ಹಿಡಿದ ಕೈಯೂ ನಡುಗುತ್ತಿತ್ತು, ಹಿಡಿಸಿಕೊಂಡ ಕೈಯೂ ನಡುಗುತ್ತಿತ್ತು.

“ಚಳಿ ಕನವ್ವ” ಎಂದರು.

“ಹೂಂ ಅವ್ವ, ಚಳಿ” ಎಂದೆ.